ಡಿಸ್ಕ್ ಎರಡನೇ ಸಲ ಜಾರಿದಾಗ

ಹುಡುಗನಿಗೆ 20 ವರ್ಷ. ಮಂಡ್ಯ ಕಡೆಯ ಹಳ್ಳಿಯವನು, ಕಬಡ್ಡಿ ರೈಡರ್. ಹತ್ತು ತಿಂಗಳ ಹಿಂದೆ ಸೊಂಟದ ಕೊನೆಯ ಡಿಸ್ಕ್‌ಗೆ (ಬೆನ್ನುಮೂಳೆಗಳ ನಡುವಿನ ಮೆತ್ತೆ), ಅಂದರೆ ಎಲ್‌5-ಎಸ್‌1ಕ್ಕೆ, ಮೈಕ್ರೋಡಿಸೆಕ್ಟಮಿ ಆಗಿತ್ತು, ಅಂದರೆ ಜಾರಿದ ತುಂಡನ್ನು ಸಣ್ಣ ಸೀಳಿನಲ್ಲಿ ತೆಗೆಯುವ ಆಪರೇಷನ್. ನೋವು ಪೂರ್ತಿ ಹೋಗಿ ಮ್ಯಾಟ್‌ಗೆ ಇಳಿದಿದ್ದ. ಒಂದು ಸಂಜೆ ಎದುರಾಳಿಗಳು ಹಿಡಿದಾಗ ಸೊಂಟ ತಿರುಚಿತು. ಅದೇ ಬಲಗಾಲು, ಅದೇ ನೋವು. ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದಾಗ ಕೂರಲಾಗದೆ ಗೋಡೆಗೆ ಒರಗಿ ನಿಂತಿದ್ದ.

ಅವನ ಅಪ್ಪ ಕೇಳಿದರು: “ಮೇಡಂ, ಟ್ರಯಲ್ಸ್‌ಗೆ ಎರಡು ತಿಂಗಳೈತೆ. ಇನ್ನೊಂದ್ಸಲ ಆಪರೇಷನ್ ಮಾಡಿಸ್ಬುಟ್ರೆ ಆಗಕಿಲ್ವಾ? ಬುಮ್ರಾ ಮಾಡಿಸ್ಕಂಡು ಆಡ್ತಿಲ್ವಾ?”

ಸ್ಪೋರ್ಟ್ಸ್ ಕೋಟಾದ ಕೆಲಸ ಆ ಮನೆಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆದರೂ ಹೇಳಲೇಬೇಕಿತ್ತು. 2023ರಲ್ಲಿ ಬುಮ್ರಾಗೆ ಆಪರೇಷನ್ ಆಗಿದ್ದು ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್‌ಗೆ, ಅಂದರೆ ಪದೇ ಪದೇ ಒತ್ತಡ ಬಿದ್ದು ಮೂಳೆಯಲ್ಲಾಗುವ ಬಿರುಕಿಗೆ, ಡಿಸ್ಕ್‌ಗಲ್ಲ.

ಮೊದಲು ಕೇಳಿದ್ದು ಮೂತ್ರದ ವಿಷಯ. ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ, ಎರಡೂ ಕಾಲು ಸೋತರೆ ಯೋಚಿಸುತ್ತಾ ಕೂರುವ ಹಾಗಿಲ್ಲ, ಆ ದಿನವೇ ಆಸ್ಪತ್ರೆ. ಅವನಿಗೆ ಅದ್ಯಾವುದೂ ಇರಲಿಲ್ಲ. ಪಾದದ ಹೊರ ಅಂಚು ಮಾತ್ರ ಮರಗಟ್ಟಿತ್ತು. ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಲು ಹೇಳಿದೆ. ಎಡಗಾಲಲ್ಲಿ 25, ಬಲಗಾಲಲ್ಲಿ 9. ಆ ಡಿಸ್ಕ್ ಪಕ್ಕದಿಂದ ಕಾಲಿಗೆ ಇಳಿಯುವ ಎಸ್‌1 ನರ ಸೋತಿದೆ, ಆದರೆ ಸತ್ತಿಲ್ಲ.

ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಹಾಕಿ ಎಂಆರ್‌ಐ ಆಯಿತು. ಒಮ್ಮೆ ಆಪರೇಷನ್ ಆದವರಿಗೆ ಇದು ಮುಖ್ಯ. ಹಳೇ ಗಾಯದ ಕಲೆ ಕಾಂಟ್ರಾಸ್ಟ್ ಹೀರಿ ಹೊಳೆಯುತ್ತದೆ, ಹೊಸ ಡಿಸ್ಕ್ ತುಂಡು ಹಾಗೆ ಹೊಳೆಯುವುದಿಲ್ಲ. ಇವನದು ತುಂಡೇ, ಸ್ವಲ್ಪ ದೊಡ್ಡದೇ. ಅಪ್ಪ ಗಾಬರಿಯಾದರು. ಆದರೆ ಹೊರಗೆ ಚೆಲ್ಲಿದ ದೊಡ್ಡ ತುಂಡನ್ನು ದೇಹ ತಾನಾಗಿಯೇ ಕರಗಿಸಿಕೊಳ್ಳುವ ಸಾಧ್ಯತೆ ಜಾಸ್ತಿ.

ಸರ್ಜನ್ ಜೊತೆ ಕೂತು ಮಾತಾಡಿದೆವು. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ವಾರ ನೋವು ತಗ್ಗಬಹುದು, ತುಂಡು ಹೋಗುವುದಿಲ್ಲ. ಜೊತೆಗೆ 2022ರಿಂದ ಸ್ಟೀರಾಯ್ಡ್ ಇಂಜೆಕ್ಷನ್ ಸ್ಪರ್ಧೆಯ ಸಮಯದಲ್ಲಿ ಡೋಪಿಂಗ್ ನಿಷೇಧದಲ್ಲಿದೆ. ಎಷ್ಟೋ ಆಟಗಾರರಿಗೆ ಇದು ಗೊತ್ತೇ ಇಲ್ಲ. ಮತ್ತೆ ಡಿಸೆಕ್ಟಮಿ ಮಾಡಬಹುದು, ಫಲಿತಾಂಶವೂ ಚೆನ್ನಾಗಿರುತ್ತದೆ. ಆದರೆ ಹಳೇ ಕಲೆಯ ನಡುವೆ ಕೈಯಾಡಿಸಬೇಕು, ನರದ ಹೊದಿಕೆ ಹರಿಯುವ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ಮೂಳೆ ಬೆಸೆಯುವ ಫ್ಯೂಷನ್ ಬಗ್ಗೆ ಈ ವಯಸ್ಸಿಗೆ, ಸೊಂಟ ಅಲುಗದೆ ಗಟ್ಟಿಯಾಗಿರುವಾಗ, ನಾವಿಬ್ಬರೂ ಯೋಚಿಸಲೇ ಇಲ್ಲ.

ಆರು ವಾರ ಕಾಯುವುದು ಅಂತ ಆಯಿತು. ಷರತ್ತು ಒಂದೇ. ಪ್ರತಿ ಭಾನುವಾರ ಹಿಮ್ಮಡಿ ಎಣಿಸಬೇಕು. 9ಕ್ಕಿಂತ ಕೆಳಗೆ ಇಳಿದರೆ ಮರುದಿನವೇ ಸರ್ಜನ್ ಹತ್ತಿರ. ಟ್ರಯಲ್ಸ್ ಬಿಡಬೇಕು ಅಂದಾಗ ಹುಡುಗ ಅಳುತ್ತಾ ಹೊರಗೆ ಹೋದ. ಆ ದಿನ ನನಗೂ ಊಟ ಸೇರಲಿಲ್ಲ.

ಮೊದಲ ಸಲ ಏನು ತಪ್ಪಿತ್ತು ಅಂತ ಕೆದಕಿದೆ. ಬೆಳಗ್ಗೆ ಐದಕ್ಕೆ ಎದ್ದು ಕುಕ್ಕರಗಾಲಲ್ಲಿ ಕೂತು ಮೂರು ಹಸು ಹಾಲು ಕರೆಯುತ್ತಿದ್ದ! ರಾತ್ರಿಯೆಲ್ಲ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ. ಎದ್ದ ಮೊದಲ ಒಂದು ಗಂಟೆ ಬಗ್ಗುವುದೇ ಅದಕ್ಕೆ ದೊಡ್ಡ ಹೊಡೆತ. ಆಪರೇಷನ್ ಆದಮೇಲೆ ಯಾರೂ ಅವನಿಗೆ ಇದನ್ನು ಕೇಳಿರಲಿಲ್ಲ. ಹಾಲು ಕರೆಯುವ ಕೆಲಸ ಅಣ್ಣನಿಗೆ ಹೋಯಿತು. ಎರಡು ಗಂಟೆ ಬಸ್ಸಲ್ಲಿ ಕೂತು ಬಂದ ದಿನವೆಲ್ಲ ನೋವು ಏರುತ್ತಿತ್ತು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಬಾ ಅಂದೆ, ಉಳಿದದ್ದು ವಿಡಿಯೋ ಕಾಲ್‌ನಲ್ಲಿ. ನಡಿಗೆ, ಸೈಡ್ ಪ್ಲ್ಯಾಂಕ್ (ಮೊಣಕೈ ಊರಿ ಪಕ್ಕಕ್ಕೆ ಮೈ ಎತ್ತಿ ಹಿಡಿಯುವುದು), ಬರ್ಡ್ ಡಾಗ್ (ಅಂಬೆಗಾಲಲ್ಲಿ ನಿಂತು ಒಂದು ಕೈ, ಎದುರು ಬದಿಯ ಕಾಲು ಚಾಚುವುದು). ಅಷ್ಟೇ.

ನಾಲ್ಕನೇ ವಾರ ನಾನೇ ಆತುರಪಟ್ಟೆ. ರೈಡರ್ ಬಗ್ಗಿ ನಿಲ್ಲುವ ಭಂಗಿಯನ್ನು ಬೇಗ ಶುರು ಮಾಡಿಸಿದೆ. ಪೃಷ್ಠದವರೆಗೆ ಹಿಂದೆ ಸರಿದಿದ್ದ ನೋವು ಮತ್ತೆ ಮೀನಖಂಡಕ್ಕೆ ಇಳಿಯಿತು. ಹತ್ತು ದಿನದಷ್ಟು ಹಿಂದಕ್ಕೆ ಹೋದೆವು. ಅವನಿಗೂ ಅವರ ಅಪ್ಪನಿಗೂ ತಪ್ಪು ನನ್ನದು ಅಂತ ಹೇಳಿದೆ.

ಬಲ ಹಿಮ್ಮಡಿ ಲೆಕ್ಕ ಆರನೇ ವಾರ 14. ಹನ್ನೆರಡನೇ ವಾರ 21. ಐದು ತಿಂಗಳಾದ ಮೇಲೆ ಮ್ಯಾಟ್ ಮೇಲೆ, ಮೊದಲು ಯಾರೂ ಹಿಡಿಯದ ರೈಡ್, ಆಮೇಲೆ ಒಬ್ಬ ಡಿಫೆಂಡರ್, ಆಮೇಲೆ ಪೂರ್ತಿ ಆಟ. ಮತ್ತೆ ಜಾರಿದರೆ ಆಪರೇಷನ್ ಮಾತು ಮತ್ತೆ ಬರುತ್ತದೆ ಅಂತ ಮೂವರಿಗೂ ಗೊತ್ತು. ಹಸು ಈಗಲೂ ಅಣ್ಣನೇ ಕರೆಯುತ್ತಾನೆ. ಭಾನುವಾರ ಸಂಜೆ ಹುಡುಗನ ಮೆಸೇಜ್ ತಪ್ಪದೆ ಬರುತ್ತದೆ. ಮೊನ್ನೆಯದು: “ಬಲ 24, ಎಡ 25, ಮೇಡಂ.”