ಟಿ ಕೋಶ ಸಾಯುವ ಹೊತ್ತಿಗೆ ಹಿಡಿಯಬೇಕು: ನನ್ನ ಅನುಭವ

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳ ಸಾವನ್ನು ಅಳೆಯುವವರಿಗೆ ನಾನು ಮೊದಲು ಹೇಳುವುದು, ಗಡಿಯಾರ ನೋಡಿ ಕೆಲಸ ಮಾಡಿ ಅಂತ. ಪೂರ್ತಿ ಸತ್ತ ಕೋಶ ಏನನ್ನೂ ಹೇಳುವುದಿಲ್ಲ. ಅದು ತಾನಾಗಿ ಸತ್ತಿತೋ, ನಮ್ಮ ಕೈಯಲ್ಲಿ ನುಜ್ಜುಗುಜ್ಜಾಗಿ ಸತ್ತಿತೋ, ಆಮೇಲೆ ಗೊತ್ತಾಗಲ್ಲ.

ನಾನು ಕಲಿತದ್ದು ಇಲಿಯ ಥೈಮಸ್ ಮೇಲೆ. ಟಿ ಕೋಶಗಳು ಬೆಳೆಯುವುದು ಅಲ್ಲೇ, ಹೃದಯದ ಮೇಲೆ ಕೂತಿರುವ ಬಿಳಿ ಗ್ರಂಥಿಯಲ್ಲಿ. ಅಲ್ಲಿ ಬೆಳೆಯುವ ಕೋಶಗಳಲ್ಲಿ ಶೇ. 95ಕ್ಕೂ ಜಾಸ್ತಿ ಹೊರಗೆ ಬರುವ ಮೊದಲೇ ಸಾಯುತ್ತವೆ. ಆದರೂ ಥೈಮಸ್ ಕತ್ತರಿಸಿ ನೋಡಿದರೆ ಸತ್ತ ಕೋಶಗಳು ಕಾಣುವುದು ತೀರಾ ಕಡಿಮೆ, ಯಾಕೆಂದರೆ ಮ್ಯಾಕ್ರೊಫೇಜ್ ಎಂಬ ಕಸ ನುಂಗುವ ಕೋಶಗಳು ಅವನ್ನು ಅಷ್ಟು ಬೇಗ ನುಂಗಿ ಮುಗಿಸಿರುತ್ತವೆ. ಅದಕ್ಕೇ ಕೋಶಗಳನ್ನು ಹೊರತೆಗೆದು ತಟ್ಟೆಯಲ್ಲಿಟ್ಟು ನೋಡಬೇಕು.

ಅವನ್ನು ಸಾಯಿಸಲು ಸುಲಭದ ದಾರಿ ಡೆಕ್ಸಾಮೆಥಾಸೋನ್. ಕೋವಿಡ್ ಸಮಯದಲ್ಲಿ ಎಲ್ಲರೂ ಕೇಳಿದ ಸ್ಟೀರಾಯ್ಡ್, ಅದೇ. 1980ರಲ್ಲಿ ಆಂಡ್ರ್ಯೂ ವೈಲಿ ಎಂಬ ವಿಜ್ಞಾನಿ ಥೈಮಸ್ ಕೋಶಗಳ ಮೇಲೆ ಸ್ಟೀರಾಯ್ಡ್ ಹಾಕಿಯೇ, ಸಾಯುವ ಕೋಶದ ಡಿಎನ್‌ಎ ಒಂದು ಗೊತ್ತಾದ ಅಳತೆಯ, ಅದರ ಎರಡರಷ್ಟು, ಮೂರರಷ್ಟು ಉದ್ದದ ತುಂಡುಗಳಾಗುತ್ತದೆ ಎಂದು ತೋರಿಸಿದ್ದರು. ನಾನು 1 ಮೈಕ್ರೊಮೋಲಾರ್ ಹಾಕಿ 2, 4, 6 ಗಂಟೆಗೆ ಒಂದೊಂದು ಟ್ಯೂಬ್ ತೆಗೆಯುತ್ತೇನೆ. ಮದ್ದು ಹಾಕದ ಟ್ಯೂಬನ್ನೂ ಅದೇ ಗಂಟೆಗೆ ತೆಗೆಯಲೇಬೇಕು. ಥೈಮಸ್ ಕೋಶಗಳು ಸುಮ್ನೆ ಇಟ್ಟರೂ ಸಾಯುತ್ತಿರುತ್ತವೆ.

ಬಣ್ಣ ಹಾಕುವುದು ಹೊಳೆಯುವ ಬಣ್ಣ ಕಟ್ಟಿದ ಅನೆಕ್ಸಿನ್ ಎಂಬ ಪ್ರೊಟೀನ್ ಮತ್ತು ಡಿಎನ್‌ಎಗೆ ಅಂಟುವ ಪ್ರೊಪಿಡಿಯಂ ಅಯೊಡೈಡ್ ಎರಡರಿಂದ. ಸಾಯಲು ಶುರುವಾದ ಕೋಶ ತನ್ನ ಪೊರೆಯ ಒಳಗಿನ ಒಂದು ಕೊಬ್ಬನ್ನು ಹೊರಮೈಗೆ ತಿರುಗಿಸುತ್ತದೆ, ಮ್ಯಾಕ್ರೊಫೇಜ್‌ಗೆ ಅದೇ ಊಟದ ಕರೆ. ಅನೆಕ್ಸಿನ್ ಅಂಟುವುದು ಆ ಕೊಬ್ಬಿಗೆ. ಪ್ರೊಪಿಡಿಯಂ ಒಳಗೆ ಹೋಗುವುದು ಪೊರೆ ಹರಿದ ಮೇಲೆ. ಅನೆಕ್ಸಿನ್ ಅಂಟಿ ಪ್ರೊಪಿಡಿಯಂ ಹೋಗದ ಕೋಶಗಳಿವೆಯಲ್ಲ, ನನಗೆ ಬೇಕಾದವು ಅವೇ. ಅನೆಕ್ಸಿನ್‌ಗೆ ಕ್ಯಾಲ್ಸಿಯಂ ಇಲ್ಲದೆ ಅಂಟಲು ಆಗುವುದಿಲ್ಲ, ಹಾಗಾಗಿ ಈ ಹಂತದಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಇರುವ ಬಫರ್ ದ್ರಾವಣ ಹತ್ತಿರ ಸುಳಿಯಬಾರದು.

ಕೋಶಗಳ ಗಾತ್ರ, ಬಣ್ಣಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಮುಂದೆ ಕೂತಾಗ ಇನ್ನೊಂದು ವಿಷಯ. ಸಾಯುವ ಟಿ ಕೋಶ ಕುಗ್ಗುತ್ತದೆ. ಸಣ್ಣವೆಲ್ಲ ಕಸ ಎಂದು ಗೇಟ್ (ಯಾವ ಕೋಶ ಎಣಿಸಬೇಕೆಂದು ಗುರುತಿಸುವ ಗೆರೆ) ಎಳೆದರೆ, ಹುಡುಕಲು ಹೊರಟದ್ದನ್ನೇ ಬಿಸಾಡಿದ ಹಾಗೆ. ನಾನು ಗೇಟನ್ನು ಎಡಕ್ಕೆ, ಸಣ್ಣ ಕೋಶಗಳ ಕಡೆಗೆ, ಅಗಲವಾಗಿಯೇ ಬಿಡುತ್ತೇನೆ.

ಬೆಳೆದ ಟಿ ಕೋಶಗಳ ಕಥೆ ಬೇರೆ, ನನಗೆ ಜಾಸ್ತಿ ಇಷ್ಟವೂ ಅದೇ. ಟಿ ಕೋಶಗಳನ್ನು ಬೆಳೆಸಿ ಉಳಿಸುವ ಐಎಲ್-2 ಪ್ರೊಟೀನ್ ಕೊಟ್ಟು ಬೆಳೆಸಿದ ಕೋಶಗಳನ್ನು, ಅವುಗಳ ಮೈಮೇಲಿನ ಸಿಡಿ3ಗೆ ಅಂಟುವ ಪ್ರತಿಕಾಯದಿಂದ ಮತ್ತೆ ಕೆಣಕಿದರೆ ಫಾಸ್ ಎಂಬ ಗ್ರಾಹಿಯ ಮೂಲಕ ಸಾಯುತ್ತವೆ. ಐಎಲ್-2 ಕಿತ್ತುಕೊಂಡರೂ ಸಾಯುತ್ತವೆ, ಆದರೆ ಆಗ ಫಾಸ್ ಬೇಕಿಲ್ಲ, ಬಿಮ್ ಎಂಬ ಪ್ರೊಟೀನ್ ಮೈಟೊಕಾಂಡ್ರಿಯಾ ಕಡೆಯಿಂದ ಕೆಲಸ ಮುಗಿಸುತ್ತದೆ. ಅನೆಕ್ಸಿನ್ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ! ಬಿಡಿಸಿ ನೋಡಲು ಎಲ್‌ಪಿಆರ್ ಎಂಬ ತಳಿಯ ಇಲಿಯ ಕೋಶ ಬೇಕು. ಅದರ ಫಾಸ್ ಜೀನ್ ಕೆಟ್ಟಿದೆ ಎಂದು 1992ರಲ್ಲಿ ಶಿಗೆಕಾಜು ನಗಾಟಾ ಅವರ ತಂಡ ತೋರಿಸಿತು. ಸಾಯಬೇಕಾದ ಕೋಶಗಳು ಉಳಿದು ಆ ಇಲಿಯ ದುಗ್ಧಗ್ರಂಥಿಗಳು ಊದಿಕೊಂಡಿರುತ್ತವೆ. ಫಾಸ್ ಕೆಟ್ಟ ಮಕ್ಕಳಲ್ಲೂ ಹೀಗೇ ಗ್ರಂಥಿ, ಗುಲ್ಮ ಊದುತ್ತವೆ.

ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಎನ್‌ಸಿಬಿಎಸ್‌ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ)ನಲ್ಲಿದ್ದ ಅಪೂರ್ವ ಸರಿನ್ ಅವರ ಗುಂಪು, ಐಎಲ್-2 ಸಿಗದಾಗಲೂ ನಿಯಂತ್ರಕ ಟಿ ಕೋಶಗಳು (ಬೇರೆ ಟಿ ಕೋಶಗಳಿಗೆ ಕಡಿವಾಣ ಹಾಕುವಂಥವು) ಉಳಿಯಲು ನಾಚ್ ಪ್ರೊಟೀನ್ ನ್ಯೂಕ್ಲಿಯಸ್ ಹೊರಗಿದ್ದೇ ನೆರವಾಗುತ್ತದೆ ಎಂದು ತೋರಿಸಿತು. ಈ ಥರದ ಪ್ರಯೋಗಕ್ಕೆ ಕೈ ಹಾಕುವವರು ಐಎಲ್-2 ತೆಗೆಯುವಾಗ ಕೋಶಗಳನ್ನು ಚೆನ್ನಾಗಿ ತೊಳೆಯಿರಿ. ಸ್ವಲ್ಪ ಉಳಿದರೂ ಸಾವು ಮುಂದಕ್ಕೆ ಹೋಗುತ್ತದೆ, ನಿಮ್ಮ ಗಂಟೆಗಳ ಲೆಕ್ಕವೆಲ್ಲ ಏರುಪೇರಾಗುತ್ತದೆ.