ಸ್ಲ್ಯಾಬಿನ ಎರಡು ಅಂಚು

ಕಲಬುರಗಿಯ ನಮ್ಮ ಮನೆಯಲ್ಲಿ ಏಪ್ರಿಲ್ ಬಂತೆಂದರೆ ರಾತ್ರಿ ಹತ್ತಾದರೂ ಸ್ಲ್ಯಾಬಿನ ಕಾವು ಇಳಿಯುವುದಿಲ್ಲ. ‘ಫ್ಯಾನ್ ಹಾಕಿದ್ರ ಬಿಸಿಗಾಳಿನೇ ಬರ್ತದ’ ಅಂತ ಅವ್ವ ದಿನಾ ಗೊಣಗುತ್ತಿದ್ದಳು. ಒಂದು ರಜೆಯಲ್ಲಿ, ವಸ್ತುವಿನೊಳಗೆ ಕಾವು ಹೇಗೆ ಹರಿಯುತ್ತದೆಂದು ಹೇಳುವ, ಕಾಲೇಜಿನಲ್ಲಿ ಓದಿ ಮರೆತಿದ್ದ ಉಷ್ಣ ಸಮೀಕರಣವನ್ನು ಎಕ್ಸೆಲ್ ಹಾಳೆಯಲ್ಲಿ ಬಿಡಿಸಲು ಕೂತೆ.

15 ಸೆಂ.ಮೀ. ದಪ್ಪದ ಕಾಂಕ್ರೀಟಿನಲ್ಲಿ ಸೆಂಟಿಮೀಟರಿಗೊಂದು ಬಿಂದು ಇಟ್ಟರೆ 16 ಕಾಲಂ. ಸಾಲಿಗೊಂದು ನಿಮಿಷ, ದಿನಕ್ಕೆ 1440 ಸಾಲು. ಮೊದಲು ಐದು ನಿಮಿಷದ ಹೆಜ್ಜೆ ಇಟ್ಟಿದ್ದೆ. ಹತ್ತು ಸಾಲು ದಾಟುವಷ್ಟರಲ್ಲಿ ಉಷ್ಣಾಂಶ ಒಮ್ಮೆ ಸಾವಿರಗಟ್ಟಲೆ ಏರಿ, ಮರುಸಾಲಿಗೆ ಅಷ್ಟೇ ಮೈನಸ್ಸಿಗೆ ಬಿತ್ತು. ಪ್ರತಿ ಕೋಶವನ್ನೂ ಹಿಂದಿನ ಸಾಲಿನ ಅಕ್ಕಪಕ್ಕದ ಕೋಶಗಳಿಂದ ಲೆಕ್ಕ ಹಾಕುವ ಈ ವಿಧಾನದಲ್ಲಿ ನನ್ನ ಕಾಂಕ್ರೀಟಿಗೆ ಹೆಜ್ಜೆ ಸುಮಾರು 65 ಸೆಕೆಂಡ್ ಮೀರಬಾರದು. ಅದು ತಿಳಿದ ಮೇಲೆ ಆ ತಂಟೆ ಮುಗಿಯಿತು.

ನಿಜವಾದ ತಂಟೆ ಅಂಚಿನ ಎರಡು ಕಾಲಂಗಳದ್ದು, ಅಂದರೆ ಸ್ಲ್ಯಾಬಿನ ಮೇಲ್ಮೈ ಮತ್ತು ಕೋಣೆಯ ಕಡೆಯ ಒಳಮೈಯದ್ದು. ನಡುವಿನ 14ಕ್ಕೂ ಒಂದೇ ಸೂತ್ರ, ಮೌಸಿನಲ್ಲಿ ಎಳೆದರಾಯಿತು. ಅಂಚಿನವಕ್ಕೆ ಒಂದು ಬದಿಗೆ ನೆರೆಯೇ ಇಲ್ಲ. ಅಲ್ಲಿ ಏನು ನಡೆಯುತ್ತದೆಂದು ಸಮೀಕರಣ ಹೇಳುವುದಿಲ್ಲ, ನಾವೇ ಹೇಳಬೇಕು. ಕೋಣೆಯ ಗಾಳಿ 33 ಡಿಗ್ರಿ ಇತ್ತಲ್ಲ, ಕೆಳಗಿನ ಕಾಲಂ ಉದ್ದಕ್ಕೂ 33 ತುಂಬಿದೆ. ಅಂಚಿನ ಉಷ್ಣಾಂಶವನ್ನೇ ನಿಗದಿ ಮಾಡಿಬಿಡುವ ಇದು, ಪಠ್ಯದಲ್ಲಿ ಮೊದಲು ಕಲಿಸುವ ಡಿರಿಕ್ಲೆ ಷರತ್ತು. ಗ್ರಾಫು ಚೆಂದ ಬಂತು. ಒಳಮೈ ಮಾತ್ರ ಹಗಲೂ ರಾತ್ರಿಯೂ 33! ಯಾವ ಅಂಕಿ ಹುಡುಕಲು ಕೂತಿದ್ದೆನೋ ಅದನ್ನೇ ಗೂಟಕ್ಕೆ ಕಟ್ಟಿದ್ದೆ.

ಆಮೇಲೆ ತದ್ವಿರುದ್ಧ ಊಹೆಗೆ ಹೋದೆ: ಕೆಳಗಿನಿಂದ ಕಾವು ಹೊರಡುವುದೇ ಇಲ್ಲ ಎನ್ನುವ ನಾಯ್ಮನ್ ಷರತ್ತು. ಹಾಳೆಯಲ್ಲಿ ಸ್ಲ್ಯಾಬು ಅವ್ವನ ದೂರಿಗಿಂತಲೂ ಜಾಸ್ತಿ ಕಾಯಿತು. ಸರಿಹೊಂದಿದ್ದು ರಾಬಿನ್ ಷರತ್ತು. ಮೈಗೂ ಗಾಳಿಗೂ ಎಷ್ಟು ಡಿಗ್ರಿ ಅಂತರವೋ ಅದಕ್ಕೆ ತಕ್ಕಷ್ಟು ಕಾವು ಹೊರಹೋಗುತ್ತದೆ: ಡಿಗ್ರಿಗೆ, ಚದರ ಮೀಟರಿಗೆ ಒಳಗೆ 6 ವ್ಯಾಟ್, ಗಾಳಿ ಬೀಸುವ ಮೇಲ್ಗಡೆ 20 ಎಂದು ಹಿಡಿದೆ. ಮೇಲ್ಮೈಗೆ ಬಿಸಿಲೂ ಇದೆ. ನಡುಹಗಲಿಗೆ ಚದರ ಮೀಟರಿಗೆ 900 ವ್ಯಾಟ್ ಇಟ್ಟು, ಮಾಸಿದ ಸಿಮೆಂಟು ಅದರಲ್ಲಿ 0.65 ಪಾಲು ಹೀರುತ್ತದೆ ಅಂದುಕೊಂಡೆ. 

ಮೊದಲ ಸಾಲಿನಲ್ಲಿ ಏನು ಬರೆಯಬೇಕೆನ್ನುವ ಆರಂಭಿಕ ಷರತ್ತಿಗೆ ಎಷ್ಟು ಹೆದರಿದ್ದೆನೋ ಅಷ್ಟೇ ಸುಲಭವಾಗಿ ಅದು ಬಗೆಹರಿಯಿತು. ಮಧ್ಯರಾತ್ರಿ ಸ್ಲ್ಯಾಬಿನ ಹೊಟ್ಟೆಯೊಳಗೆ ಎಷ್ಟು ಡಿಗ್ರಿ ಇದ್ದೀತು, ಕೊರೆದು ನೋಡಲಾಗುತ್ತದೆಯೇ? ಎಲ್ಲ 16ಕ್ಕೂ 30 ಬರೆದು ಓಡಿಸಿದೆ. ಮರುದಿನ ಮಧ್ಯರಾತ್ರಿಯ ಸಾಲಿನಲ್ಲಿ ಒಳಮೈ 37 ತೋರಿಸಿತು. ಒಂದೇ ಥರದ ಎರಡು ದಿನ, ಒಂದೇ ಹೊತ್ತು, 7 ಡಿಗ್ರಿ ಫರಕು ಎಂದರೆ ನನ್ನ 30 ಸುಳ್ಳು. ಕೊನೆಯ ಸಾಲನ್ನೇ ಕಾಪಿ ಮಾಡಿ ಮೊದಲ ಸಾಲಿಗೆ ಅಂಟಿಸಿದೆ. ಮೂರನೇ ಸುತ್ತಿಗೆ ಎರಡೂ ಸಾಲು ದಶಮಾಂಶದವರೆಗೆ ಹೊಂದಿದವು. ಇಷ್ಟು ದಪ್ಪದ ಕಾಂಕ್ರೀಟನ್ನು ಕಾವು ಹಾಯಲು ಎಂಟು ಗಂಟೆಯ ಲೆಕ್ಕ. ಮೊನ್ನೆಯದು ಅದಕ್ಕೆ ನೆನಪಿರುವುದಿಲ್ಲ. ಅಂಚಿನ ತಪ್ಪು ಹಾಗಲ್ಲ, ನಿಮಿಷಕ್ಕೊಮ್ಮೆ ಮತ್ತೆ ಒಳಗೆ ಬರುತ್ತದೆ.

ಕೊನೆಗೆ 0.65 ಅಳಿಸಿ ಸುಣ್ಣದ 0.3 ಹಾಕಿದೆ. ಒಳಗಿನ ಸೂತ್ರಗಳಲ್ಲಿ ಒಂದಕ್ಷರ ಬದಲಾಗಲಿಲ್ಲ, ಒಳಮೈಯ ಗರಿಷ್ಠ ಉಷ್ಣಾಂಶ ಮಾತ್ರ ನಾಲ್ಕೈದು ಡಿಗ್ರಿ ಇಳಿಯಿತು. ಅದೇ ವಾರ ಎರಡು ಕೋಟ್ ಸುಣ್ಣ ಹೊಡೆಸಿದೆವು. ಈಗ ಅದರ ಮೇಲೆ ಧೂಳು ಕೂತಿದೆ, ಅವ್ವ ಹಪ್ಪಳ ಬೇರೆ ಹರವುತ್ತಾಳೆ. ಆ ಕೋಶದಲ್ಲಿ 0.4 ಬರೆಯಲೋ 0.5 ಬರೆಯಲೋ ಎಂದು ಯೋಚಿಸುತ್ತಿದ್ದೇನೆ.