ಚೀನೀ ಕಷಾಯ: ಮಡಕೆಗೆ ಯಾವುದು ಮೊದಲು, ಯಾವುದು ಕೊನೆಗೆ

ನಾನು ಓದಿದ್ದು ಆಯುರ್ವೇದ. ಚೀನಾದ ಗುವಾಂಗ್‌ಝೌಗೆ ಬಂದ ಮೇಲೆ ಇಲ್ಲಿನ ಹಿರಿಯ ವೈದ್ಯರೊಬ್ಬರ ಬಳಿ ಚೀನೀ ಕಷಾಯ ಕುದಿಸುವುದನ್ನು ಕಲಿತೆ. ಮೂಲಿಕೆಗಳಲ್ಲಿ ಎಷ್ಟೋ ನನಗೆ ಗೊತ್ತಿದ್ದವೇ. ಚಿಂಗ್‌ಪಿಂಗ್ ಮಾರುಕಟ್ಟೆಯಲ್ಲಿ ಶುಂಠಿ, ಅಳಲೆಕಾಯಿ, ಜೇಷ್ಠಮಧು ಎಲ್ಲ ಸಿಗುತ್ತವೆ. ನಮ್ಮ ಗದ್ದೆಯಲ್ಲಿ ಕಿತ್ತಷ್ಟೂ ಬರುವ ಕೊನ್ನಾರಿ ಗಡ್ಡೆಯನ್ನು ಇಲ್ಲಿ ವಿನೆಗರ್‌ನಲ್ಲಿ ನೆನೆಸಿ, ಹುರಿದು ಔಷಧಿಗೆ ಬಳಸುತ್ತಾರೆ. ನನಗೆ ಹೊಸದಾಗಿದ್ದು ಒಲೆ ಮುಂದಿನ ಕೆಲಸ.

ಆಯುರ್ವೇದದಲ್ಲಿ ನಾವು ಮೂಲಿಕೆಯನ್ನು ತರಿತರಿಯಾಗಿ ಕುಟ್ಟಿ, 16 ಪಾಲು ನೀರು ಹಾಕಿ, ಎಂಟನೇ ಒಂದು ಪಾಲಿಗೆ ಇಳಿಸುತ್ತೇವೆ. ಇಲ್ಲಿ ಕುಟ್ಟುವುದು ಕಡಿಮೆ. ಬೇರು, ತೊಗಟೆ ಎಲ್ಲ ತೆಳು ಬಿಲ್ಲೆಗಳಾಗಿಯೇ ಬರುತ್ತವೆ. ನಾನು ಮಣ್ಣಿನ ಮಡಕೆಯನ್ನೇ ಬಳಸುತ್ತೇನೆ. ಕಬ್ಬಿಣದ ಪಾತ್ರೆ ಬೇಡವೇ ಬೇಡ, ಮೂಲಿಕೆಯ ಒಗರು ಅದರ ಜೊತೆ ಸೇರಿ ಕಷಾಯ ಕಪ್ಪಾಗುತ್ತದೆ. ಮೂಲಿಕೆಯ ಮೇಲೆ ಎರಡು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿ, ಅರ್ಧ ಗಂಟೆ ನೆನೆಸುತ್ತೇನೆ. ಕುದಿ ಬಂದ ಮೇಲೆ ಉರಿ ಸಣ್ಣ. ನೆಗಡಿ ಜ್ವರದ ಕಷಾಯಕ್ಕೆ 15-20 ನಿಮಿಷ ಸಾಕು, ಶಕ್ತಿ ತುಂಬುವ ಬೇರುಗಳಿಗೆ ಜಾಸ್ತಿ ಹೊತ್ತು ಬೇಕು. ಸೋಸಿಕೊಂಡು, ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಕುದಿಸಿ, ಎರಡನ್ನೂ ಬೆರೆಸಿ ಎರಡು ಹೊತ್ತಿಗೆ ಹಂಚುತ್ತೇನೆ.

ಎಲ್ಲವನ್ನೂ ಒಟ್ಟಿಗೆ ಹಾಕುವ ಹಾಗಿಲ್ಲ. ಪುದೀನ ಕೊನೆಯ ಐದು ನಿಮಿಷಕ್ಕೆ, ಇಲ್ಲದಿದ್ದರೆ ಅದರ ಎಣ್ಣೆಯೆಲ್ಲ ಹಬೆಯಲ್ಲೇ ಹೋಗುತ್ತದೆ. ಅಂಟು ಬಿಡುವ ಸಣ್ಣ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡಬೇಕು. ನನ್ನನ್ನು ತುಂಬಾ ಯೋಚನೆಗೆ ಹಚ್ಚಿದ್ದು ರೇವಲ್‌ಚಿನ್ನಿ ಎಂಬ ಬೇರು. ಕೊನೆಗೆ ಹಾಕಿದರೆ ಜೋರಾಗಿ ಭೇದಿ ಮಾಡಿಸುತ್ತದೆ. ಮೊದಲಿನಿಂದಲೇ ಕುದಿಸಿದರೆ ಭೇದಿ ಮಾಡಿಸುವ ಅಂಶ ಒಡೆದು ಮೆತ್ತಗಾಗುತ್ತದೆ. ಬೇರು ಒಂದೇ, ತೂಕ ಒಂದೇ, ಆದರೆ ಕೆಲಸ ಬೇರೆ. ಹಾಗಾಗಿ ಚೀಟಿಯಲ್ಲಿ ಮೂಲಿಕೆಯ ಹೆಸರಿನ ಪಕ್ಕ ‘ಕೊನೆಗೆ’ ಅಂತ ಇದೆಯಾ ಎಂದು ನೋಡದೆ ನಾನು ಒಲೆ ಹಚ್ಚುವುದಿಲ್ಲ.

ಕುದಿಸಲೇಬಾರದ್ದೂ ಇದೆ. ಚಿಂಗ್‌ಹಾವ್ ಎಂಬ ಗಿಡವನ್ನು ಮಲೇರಿಯಾದಂಥ ಜ್ವರಕ್ಕೆ ನೀರಲ್ಲಿ ನೆನೆಸಿ, ಹಿಂಡಿ ಕುಡಿಯಿರಿ ಎಂದು 4ನೇ ಶತಮಾನದ ಚೀನೀ ವೈದ್ಯ ಗೆ ಹೋಂಗ್ ಬರೆದಿದ್ದ. ಕುದಿಸಿ ಎಂದಿಲ್ಲ. ಅದನ್ನು ಓದಿದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ಬಿಸಿಯೇ ಮದ್ದನ್ನು ಕೆಡಿಸುತ್ತಿರಬಹುದು ಅನ್ನಿಸಿತು. 1971ರಲ್ಲಿ ಕಡಿಮೆ ಶಾಖದಲ್ಲೇ ಆವಿಯಾಗುವ ಈಥರ್ ಎಂಬ ದ್ರವ ಬಳಸಿ ಸಾರ ತೆಗೆದರು. ಅದು ಇಲಿಗಳ ಮಲೇರಿಯಾವನ್ನು ಪೂರ್ತಿ ತಡೆಯಿತು. ಮುಂದೆ ಅದರಿಂದಲೇ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಮದ್ದು ಸಿಕ್ಕಿತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ‘ಹಳೆಯವರು ಸುಮ್ನೆ ಬರೆದಿದ್ದು’ ಅಂತ ಯಾರಾದರೂ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಇದಕ್ಕೆ ತದ್ವಿರುದ್ಧ ಫೂಝಿ ಎಂಬ ಗಡ್ಡೆ. ನಮ್ಮ ವತ್ಸನಾಭಿಯ ಜಾತಿಯದು, ಹಸಿ ಗಡ್ಡೆ ಕಡು ವಿಷ. ಸಂಸ್ಕರಿಸಿದ ಗಡ್ಡೆಯನ್ನೂ ಬೇರೆ ಮೂಲಿಕೆಗಳಿಗಿಂತ ಮೊದಲೇ ಅರ್ಧದಿಂದ ಒಂದು ಗಂಟೆ ಕುದಿಸಬೇಕು. ಆಗ ಅದರಲ್ಲಿರುವ ಅಕೋನಿಟೈನ್ ಎಂಬ ವಿಷದ ಅಂಶ ಒಡೆದು ವಿಷ ಇಳಿಯುತ್ತದೆ. ಹೊತ್ತು ಕಡಿಮೆಯಾದರೆ ಹೃದಯದ ಬಡಿತವೇ ತಪ್ಪಬಹುದು. ಫೂಝಿ ಇರುವ ಕಷಾಯವನ್ನು ನಾನು ಯಾರಿಗೂ ಮನೆಯಲ್ಲಿ ಕುದಿಸಿಕೊಳ್ಳಲು ಕೊಡುವುದಿಲ್ಲ. ನಾನೇ ಗಡಿಯಾರ ನೋಡಿಕೊಂಡು ಒಲೆ ಬಳಿ ನಿಂತು ಕುದಿಸುತ್ತೇನೆ.